ಉಪಚಾರ ಬೇಡದ ನೆಂಟರು

ಗೃಹಪ್ರವೇಶವಿರಲಿ, ನಾಮಕರಣವಿರಲಿ, ಅರವತ್ತರ ಶಾಂತಿಯಿರಲಿ, ಬೆಂಗಳೂರಿನಲ್ಲಿ ಈಗ ಊಟ ಮುಗಿಸಿ ಹೊರಡುವಾಗ ಕೈಗೆ ಬರುವ ತಾಂಬೂಲದ ಚೀಲದಲ್ಲಿ ತೆಂಗಿನಕಾಯಿಯ ಪಕ್ಕ ಒಂದು ಪುಟ್ಟ ಗಿಡ ಕೂತಿರುತ್ತದೆ. ಸ್ಟೀಲ್ ಡಬ್ಬಿಯ ಕಾಲ ಹೋಯಿತು, ಪ್ಲಾಸ್ಟಿಕ್ ಬುಟ್ಟಿಯ ಕಾಲವೂ ಹೋಯಿತು. ಜರ್ಮನ್ ಸಿಲ್ವರ್ ಕುಂಕುಮದ ಬಟ್ಟಲುಗಳನ್ನು ಇನ್ನು ಯಾರಿಗೆ ದಾಟಿಸುವುದೆಂದು ತಿಳಿಯದೆ ಎಲ್ಲರೂ ಬೀರುವಿನಲ್ಲಿ ತುಂಬಿಟ್ಟುಕೊಂಡಿದ್ದೇವೆ. ಈಗ ಸಕ್ಯುಲೆಂಟ್ ಕಾಲ. ಕಣ್ಣು, ಮೂಗು, ಮುಗುಳ್ನಗೆ ಬರೆದ ಬಿಳಿ ಪಿಂಗಾಣಿ ಬಟ್ಟಲು. ಒಳಗೆ ದಪ್ಪ ದಪ್ಪ ಎಲೆಗಳನ್ನು ಸುತ್ತಲೂ ಪದರ ಪದರವಾಗಿ ಜೋಡಿಸಿಕೊಂಡ ಒಂದು ಗಿಡ. ಬುಡಕ್ಕೆ ಅಂಟು ಹಾಕಿ ಕೂರಿಸಿದ ಬಿಳಿ ಕಲ್ಲು. ಜೊತೆಗೊಂದು ಚೀಟಿ: 'ನನ್ನನ್ನು ಪ್ರೀತಿಯಿಂದ ನೋಡಿಕೊಳ್ಳಿ.' ಬಹಳಷ್ಟು ಗಿಡಗಳ ಪಾಲಿಗೆ ಈ ಚೀಟಿಯೇ ಮರಣಶಾಸನ.

ಯಾಕೆಂದರೆ ಪ್ರೀತಿಯಿಂದ ನೋಡಿಕೊಳ್ಳುವುದು ಅಂದರೆ ನಮಗೆ ಗೊತ್ತಿರುವುದು ಬಡಿಸುವುದು ಒಂದೇ. ಬಂದ ನೆಂಟರು ಎಲೆಯ ಮೇಲೆ ಎರಡೂ ಕೈ ಅಡ್ಡ ಹಿಡಿದು 'ಸಾಕು, ಸಾಕು' ಎಂದರೂ ಬೆರಳ ಸಂದಿಯಲ್ಲಿ ಒಂದು ಸೌಟು ಪಾಯಸ ಇಳಿಸಿದರೇ ನಮಗೆ ಸಮಾಧಾನ. ಗಿಡಕ್ಕೂ ಅದೇ ಮರ್ಯಾದೆ. ನಮ್ಮ ಮನೆಯಲ್ಲೇ ನೋಡಿ. ಬೆಳಿಗ್ಗೆ ಅತ್ತೆ ಪೂಜೆ ಮುಗಿಸಿ, ಅಭಿಷೇಕದ ನೀರನ್ನು ತುಳಿಯುವ ಕಡೆ ಚೆಲ್ಲಬಾರದೆಂದು ಹತ್ತಿರದ ಕುಂಡಕ್ಕೆ ಹಾಕುತ್ತಾರೆ. ಮನೆಗೆಲಸಕ್ಕೆ ಬರುವಾಕೆ 'ಪಾಪ, ಒಣಗೋಗೈತೆ' ಎಂದು ಒಂದು ಚೊಂಬು ಸುರಿಯುತ್ತಾಳೆ. ಸಂಜೆ ವಾಕಿಂಗ್ ಮುಗಿಸಿ ಬರುವ ನಮ್ಮವರು ಬಾಟಲಿಯಲ್ಲಿ ಉಳಿದ ನೀರು ವ್ಯರ್ಥವಾಗಬಾರದೆಂಬ ತತ್ವದ ಮೇಲೆ ಅದೇ ಕುಂಡಕ್ಕೆ ಬಗ್ಗಿಸುತ್ತಾರೆ. ಮೂವರೂ ಒಳ್ಳೆಯವರೇ. ಒಬ್ಬರು ಹಾಕಿದ್ದು ಇನ್ನೊಬ್ಬರಿಗೆ ಗೊತ್ತಿಲ್ಲ, ಅಷ್ಟೆ. ಬಟ್ಟಲಿನ ತಳದಲ್ಲಿ ತೂತೂ ಇಲ್ಲ. ಕೆಲವೇ ದಿನಗಳಲ್ಲಿ ಕೆಳಗಿನ ಎಲೆಗಳು ಹಳದಿಗೆ ತಿರುಗಿ, ಒಳಗೆ ನೀರು ತುಂಬಿ ಮೆತ್ತಗಾಗಿ, ಮುಟ್ಟಿದರೆ ಕಳಚಿ ಬೀಳುತ್ತವೆ. 'ನೀರು ಕಮ್ಮಿಯಾಯ್ತೋ ಏನೋ' ಎಂದು ಮೂವರೂ ಇನ್ನಷ್ಟು ಹಾಕುತ್ತಾರೆ.

ಅದೇ ಮನೆಯ ಬಾಗಿಲ ಮೇಲೆ, ದೃಷ್ಟಿಯಾಗದಿರಲೆಂದು ಅತ್ತೆಯೇ ಕಟ್ಟಿಸಿದ ಲೋಳೆಸರ ಬೇರು ಮೇಲಾಗಿ, ತಲೆಕೆಳಗಾಗಿ ನೇತಾಡುತ್ತಿದೆ. ಅದಕ್ಕೆ ಮಣ್ಣಿಲ್ಲ, ನೀರಿಲ್ಲ. ಯಾರೂ ತಲೆಯೆತ್ತಿ ಅದರ ಯೋಗಕ್ಷೇಮ ವಿಚಾರಿಸಿದ್ದಿಲ್ಲ. ತಿಂಗಳುಗಳು ಕಳೆದವು, ಹೊರಗಿನ ಎಲೆಗಳನ್ನು ಒಂದೊಂದಾಗಿ ಸೊರಗಿಸಿಕೊಂಡು, ಅವುಗಳ ಸತ್ವದಲ್ಲೇ ನಡುವಿನಿಂದ ಹೊಸ ಎಲೆ ಬಿಟ್ಟು, ಆ ಎಲೆಯ ತುದಿಯನ್ನು ಬೆಳಕಿನ ಕಡೆಗೆ ಮೇಲಕ್ಕೆ ಬಾಗಿಸಿಕೊಂಡು ಆರಾಮವಾಗಿದೆ. ಲೋಳೆಸರವೂ ಸಕ್ಯುಲೆಂಟೇ. ದುಡ್ಡು ಕೊಟ್ಟು ತಂದದ್ದಲ್ಲವಾದ್ದರಿಂದ ಯಾರೂ ಅದನ್ನು ಹಾಗೆ ಕರೆಯುವುದಿಲ್ಲ.

ಹಾಗೆ ನೋಡಿದರೆ ನಮ್ಮ ಹಿತ್ತಿಲುಗಳಲ್ಲಿ ಈ ಜಾತಿಯವಕ್ಕೆ ಎಂದೂ ಕೊರತೆಯಿರಲಿಲ್ಲ. ಬೇಲಿಗೆ ಹಬ್ಬಿದ ಮಂಗರವಳ್ಳಿಯನ್ನು ಹುಣಸೆಹಣ್ಣು ಮುಂದಾಗಿ ಹಾಕಿ ಚಟ್ನಿ ಅರೆಯುತ್ತಿದ್ದರು, ಇಲ್ಲದಿದ್ದರೆ ಗಂಟಲು ತುರಿಸುತ್ತದೆ. ದೊಡ್ಡಪತ್ರೆಯ ದಪ್ಪ ಎಲೆ ತಂಬುಳಿಗೆ, ಮಗುವಿನ ನೆಗಡಿಗೆ. ಗೋಣಿಸೊಪ್ಪು ಹೊಲದ ಬದುವಿನಿಂದ ನೇರ ಸಾರಿಗೆ. ಕಾಡುಬಸಳೆಯ ಎಲೆಯನ್ನು ಪುಸ್ತಕದ ಹಾಳೆಗಳ ನಡುವೆ ಇಟ್ಟು, ಅದರ ಅಂಚಿನ ಕಚ್ಚುಗಳಲ್ಲಿ ಮರಿ ಮೊಳೆಯುವುದನ್ನು ನೋಡಲು ಪಾಠದ ಮಧ್ಯೆ ಪುಸ್ತಕ ತೆರೆದು ಬೈಸಿಕೊಳ್ಳದವರು ನನ್ನ ತಲೆಮಾರಿನಲ್ಲಿ ಕಡಿಮೆ. ಇವಕ್ಕೆ ಯಾರೂ ಅಳತೆ ಮಾಡಿ ನೀರು ಹಾಕಲಿಲ್ಲ. ಬೇಲಿಯಲ್ಲಿದ್ದಷ್ಟು ದಿನ ಚೆನ್ನಾಗಿದ್ದ ಕುಲ, ಟೀಪಾಯಿಯ ಮೇಲೆ ಬಂದು ಕೂತ ಮೇಲೆ ಸಾಯತೊಡಗಿತು.

ಟೀಪಾಯಿಯ ಮೇಲಿನವು ಬೇರೆ ಬೇರೆ ದೇಶದವು ಎನ್ನುವುದೂ ನಿಜ. ತಾವರೆಯ ಆಕಾರದ ಎಕೆವೇರಿಯಾಗಳು ಬಹುಪಾಲು ಮೆಕ್ಸಿಕೋದ ಬೆಟ್ಟಸಾಲಿನವು. ಬಿಳಿ ಪಟ್ಟೆಯ ಹಾವರ್ಥಿಯಾ ದಕ್ಷಿಣ ಆಫ್ರಿಕಾದ್ದು. ಅಲ್ಲಿ ಅದು ಪೊದೆಗಳ ನೆರಳಲ್ಲಿ ಅರ್ಧ ಮಣ್ಣಿನೊಳಗೇ ಹುದುಗಿರುತ್ತದೆ. ಬಗೆಬಗೆಯ ಕಲಂಕೋಗಳು ಮಡಗಾಸ್ಕರದಿಂದ ಬಂದವು, ನಮ್ಮ ಕಾಡುಬಸಳೆಯ ತವರೂ ಅದೇ. ಮರುಭೂಮಿ ಎಂದಕೂಡಲೇ ನಮ್ಮ ಕಣ್ಣಮುಂದೆ ಸಿನಿಮಾದ ಮರಳುಗುಡ್ಡ ಬರುತ್ತದೆ. ಇವುಗಳ ಊರು ಅದಲ್ಲ. ಬಂಡೆಯ ಬಿರುಕು, ಜಲ್ಲಿಯ ಇಳಿಜಾರು. ಅಲ್ಲೂ ಮಳೆ ಬರುತ್ತದೆ, ಬಂದರೆ ಜೋರಾಗಿಯೇ ಬರುತ್ತದೆ. ಆದರೆ ಬಂದ ನೀರು ನಿಲ್ಲದೆ ಹರಿದುಹೋಗಿ, ಮತ್ತೆ ವಾರಗಟ್ಟಲೆ ಸುದ್ದಿಯಿರುವುದಿಲ್ಲ. ಆ ಒಂದು ಮಳೆಯನ್ನು ಎಲೆಯಲ್ಲೋ ಕಾಂಡದಲ್ಲೋ ಬೇರಿನಲ್ಲೋ ತುಂಬಿಟ್ಟುಕೊಳ್ಳುವುದು ಇವುಗಳ ಕಸುಬು. ಟ್ಯಾಂಕು ತುಂಬಿರುವಾಗ ಮತ್ತೆ ಮೋಟಾರು ಹಾಕಿದರೆ ಏನಾಗುತ್ತದೋ ಅದೇ ಆಗುತ್ತದೆ.

ತುಂಬಿಟ್ಟದ್ದನ್ನು ಕಾಯುವ ಉಪಾಯ ಇನ್ನೂ ಚೆನ್ನಾಗಿದೆ. ಸಾಮಾನ್ಯ ಗಿಡಗಳು ಹಗಲು ಎಲೆಯ ಸಣ್ಣ ರಂಧ್ರಗಳನ್ನು ತೆರೆದಿಟ್ಟು ಗಾಳಿಯಿಂದ ಇಂಗಾಲದ ಡೈಆಕ್ಸೈಡ್ ಎಳೆದುಕೊಳ್ಳುತ್ತವೆ. ಆಗ ಅದೇ ಬಾಗಿಲಿಂದ ನೀರೂ ಆವಿಯಾಗಿ ಹೋಗುತ್ತದೆ. ಇವು ಹಗಲು ಬಾಗಿಲು ಹಾಕಿಕೊಂಡು, ರಾತ್ರಿ ತಂಪಾದ ಮೇಲೆ ತೆಗೆಯುತ್ತವೆ. ರಾತ್ರಿ ಎಳೆದುಕೊಂಡದ್ದನ್ನು ಮ್ಯಾಲಿಕ್ ಆಮ್ಲ ಮಾಡಿ ಇಟ್ಟುಕೊಂಡು, ಬೆಳಕು ಹರಿದ ಮೇಲೆ ಬಾಗಿಲು ಮುಚ್ಚಿಯೇ ಅಡುಗೆ ಮಾಡಿಕೊಳ್ಳುತ್ತವೆ. ಮ್ಯಾಲಿಕ್ ಆಮ್ಲವೆಂದರೆ ಸೇಬಿನ ಹುಳಿ. ಎಂದಮೇಲೆ ಎಲೆಯ ರುಚಿ ಬೆಳಿಗ್ಗೆ ಒಂದು, ಮಧ್ಯಾಹ್ನ ಇನ್ನೊಂದು ಆಗಬೇಕಲ್ಲವೇ? ಆಗುತ್ತದೆ. ಅದನ್ನು ನಾಲಗೆಯಿಂದಲೇ ಹಿಡಿದು ಬರೆದಿಟ್ಟವನು ನಮ್ಮ ಲಾಲ್‌ಬಾಗಿನ ನಂಟಿದ್ದ ಮನುಷ್ಯ ಎನ್ನುವುದು ನನಗೆ ಸಣ್ಣ ಹೆಮ್ಮೆ. ಬೆಂಜಮಿನ್ ಹೇಯ್ನ್ ಎಂಬ ಜರ್ಮನ್ ಮೂಲದ ಈ ಸಸ್ಯತಜ್ಞ ಈಸ್ಟ್ ಇಂಡಿಯಾ ಕಂಪನಿಯ ಕೆಲಸದಲ್ಲಿದ್ದ. ಟಿಪ್ಪುವಿನ ನಂತರ ಕಂಪನಿಯ ಕೈಗೆ ಬಂದ ಲಾಲ್‌ಬಾಗಿನ ಉಸ್ತುವಾರಿ ಕೆಲಕಾಲ ಈತನದಾಗಿತ್ತು. ಲಂಡನ್ನಿನ ಲಿನಿಯನ್ ಸೊಸೈಟಿಯ ಪ್ರಕಟಣೆಯಲ್ಲಿ 1815ರಲ್ಲಿ ಅಚ್ಚಾದ ಪತ್ರದಲ್ಲಿ ಇವನು ಹೇಳಿದ್ದು ಇಷ್ಟು: ಕಾಡುಬಸಳೆಯ ಎಲೆ ಬೆಳಿಗ್ಗೆ ಹುಳಿ, ಹೊತ್ತೇರಿದಂತೆ ಹುಳಿ ಇಳಿದು ಮಧ್ಯಾಹ್ನಕ್ಕೆ ಸಪ್ಪೆ, ಸಂಜೆಗೆ ತುಸು ಕಹಿ. ಅದರ ಹಿಂದಿನ ರಸಾಯನ ಬಿಡಿಸಲು ವಿಜ್ಞಾನಿಗಳಿಗೆ ಮತ್ತೆ ನೂರು ವರ್ಷಕ್ಕೂ ಹೆಚ್ಚು ಬೇಕಾಯಿತು. ಈಗ ಅದಕ್ಕೆ ಕ್ಯಾಮ್ ಎಂಬ ಚಿಕ್ಕ ಹೆಸರಿದೆ, ಎಕೆವೇರಿಯಾ, ಕಾಡುಬಸಳೆ, ಜೇಡ್ ಎಲ್ಲ ಸೇರಿದ ಕ್ರ್ಯಾಸುಲೇಸಿ ಕುಟುಂಬದ ಹೆಸರಿನಿಂದ ಬಂದದ್ದು.

ನಮ್ಮ ಟೆರೇಸಿನ ಮೂಲೆಯಲ್ಲಿ ಕಾಡುಬಸಳೆ ಇದೆ. ಸೂರ್ಯ ಎದುರುಮನೆಯ ನೀರಿನ ಟ್ಯಾಂಕು ದಾಟುವ ಮೊದಲು ಒಂದು ಎಲೆಯ ಚೂರನ್ನು ಹಲ್ಲಲ್ಲಿ ಒತ್ತಿ ನೋಡಿದೆ. ಮಾವಿನಮಿಡಿಯ ಹುಳಿಯಲ್ಲ, ಆದರೆ ದವಡೆಯ ಹಿಂಭಾಗ ಜುಮ್ ಎನ್ನುವಷ್ಟು ಸ್ಪಷ್ಟ. ಮಧ್ಯಾಹ್ನ ಅದೇ ಗಿಡದ, ಅದೇ ಎಲೆಯ ಇನ್ನೊಂದು ಚೂರು: ನೀರು, ಹಸಿರು ವಾಸನೆ, ಮತ್ತೇನೂ ಇಲ್ಲ. ಅಗಿದದ್ದನ್ನು ಉಗುಳಿದೆ, ನೀವೂ ನೋಡುವುದಾದರೆ ಹಾಗೇ ಮಾಡಿ. ಗಿಡ ಕಾಡುಬಸಳೆಯೇ ಎಂದು ಖಾತ್ರಿಯಿದ್ದರೆ ಮಾತ್ರ. ಕಳ್ಳಿಯ ಜಾತಿಯವನ್ನು ನಾಲಗೆಗೆ ಮುಟ್ಟಿಸಲೇಬಾರದು, ಅದರ ಹಾಲು ಕಣ್ಣಿಗೆ ಬಿದ್ದರೂ ಆಸ್ಪತ್ರೆಗೆ ಓಡಬೇಕು.

ಈ ರಾತ್ರಿಪಾಳಿಯ ಸುದ್ದಿ ಅರ್ಧಂಬರ್ಧ ಕಿವಿಗೆ ಬಿದ್ದವರೇ 'ಸ್ನೇಕ್ ಪ್ಲಾಂಟ್ ರಾತ್ರಿಯಿಡೀ ಆಮ್ಲಜನಕ ಬಿಡುತ್ತೆ, ಮಲಗೋ ಕೋಣೆಯಲ್ಲಿಡಿ' ಎಂದು ಮಾರುತ್ತಾರೆ. ಆಮ್ಲಜನಕ ಹೊರಬರುವುದು ಬೆಳಕಿನ ಕೆಲಸದಿಂದ. ರಾತ್ರಿ ಬಾಗಿಲು ತೆಗೆದರೆ ಒಳಗೆ ಹೋಗುವುದು ಇಂಗಾಲದ ಡೈಆಕ್ಸೈಡ್, ಅದೂ ಒಂದು ಕುಂಡದ ಮಟ್ಟಿಗೆ ಅತ್ಯಲ್ಪ. ಎಲ್ಲರೂ ಉದಾಹರಿಸುವ 1989ರ ನಾಸಾ ಪ್ರಯೋಗ ನಡೆದದ್ದು ಗಾಳಿಯಾಡದಂತೆ ಮುಚ್ಚಿದ ಪೆಟ್ಟಿಗೆಗಳಲ್ಲಿ. ನಮ್ಮ ಮನೆಗಳಲ್ಲಿ ಕಿಟಕಿಗಳಿವೆ. ಕೋಣೆಯ ಗಾಳಿ ಶುದ್ಧವಾಗಬೇಕಾದರೆ ಅವನ್ನು ತೆಗೆಯುವುದು ಅಗ್ಗ.

ಶುಭ-ಅಶುಭದ ಲೆಕ್ಕ ಬೇರೆಯೇ ಇದೆ. ಮುಳ್ಳಿನ ಗಿಡ ಮನೆಯೊಳಗಿದ್ದರೆ ಜಗಳ, ಕಳ್ಳಿಯಿದ್ದರೆ ದುಡ್ಡು ನಿಲ್ಲುವುದಿಲ್ಲ ಎಂದು ವಾಸ್ತು ಹೇಳುವವರು ಹೇಳುತ್ತಾರೆ. ನಮ್ಮ ಬೀದಿಯಲ್ಲೊಬ್ಬರು ಅದನ್ನು ನಂಬಿ ಮಗಳು ತಂದಿಟ್ಟ ಪುಟ್ಟ ಕ್ಯಾಕ್ಟಸ್ಸನ್ನು ಕಾಂಪೌಂಡಿನಾಚೆ ಇಟ್ಟರು. ಅದೇ ಮಳೆಗಾಲದಲ್ಲಿ ಒಂದು ರಾತ್ರಿ ಅವರ ಮನೆಯಲ್ಲಿ ಬ್ರಹ್ಮಕಮಲ ಅರಳಿತು. ಬೀದಿಗೆಲ್ಲ ಫೋನ್ ಹೋಯಿತು. ಎಂಟೂವರೆಗೆ ಮೊಗ್ಗು ಬಿರಿಯಲು ಶುರುವಾಗಿ, ಹತ್ತರ ಹೊತ್ತಿಗೆ ಊಟದ ತಟ್ಟೆಯಷ್ಟಗಲ ತೆರೆದು, ಕಾರಿಡಾರೆಲ್ಲ ಘಮಘಮ. ದೀಪ ಹಚ್ಚಿದರು, ಆರತಿ ಎತ್ತಿದರು, ಹಾಲು-ಬಾಳೆಹಣ್ಣು ನೈವೇದ್ಯ, ನಮಗೆಲ್ಲ ಪ್ರಸಾದ. ನಾನೂ ಕೈಮುಗಿದೆ. ಮನೆಗಳಲ್ಲಿ ಬ್ರಹ್ಮಕಮಲವೆಂದು ಬೆಳೆಸುವ ಈ ಗಿಡ ಎಪಿಫಿಲಮ್ ಎಂಬ ಅಪ್ಪಟ ಕ್ಯಾಕ್ಟಸ್, ಮೆಕ್ಸಿಕೋ ಕಡೆಯದು. ನಾವು ಎಲೆ ಎನ್ನುವುದು ಚಪ್ಪಟೆಯಾದ ಕಾಂಡ, ಅದಕ್ಕೇ ಮೊಗ್ಗು ಅದರ ಅಂಚಿನ ಕಚ್ಚಿನಿಂದ ಹೊರಡುತ್ತದೆ. ಹಿಮಾಲಯದ ಬ್ರಹ್ಮಕಮಲಕ್ಕೂ ಇದಕ್ಕೂ ಯಾವ ರಕ್ತಸಂಬಂಧವೂ ಇಲ್ಲ. ಇಷ್ಟನ್ನೂ ಆ ರಾತ್ರಿ ಆರತಿ ತಟ್ಟೆಯ ಮುಂದೆ ಹೇಳುವಷ್ಟು ಒರಟುತನ ನನ್ನಲ್ಲಿರಲಿಲ್ಲ. ಪ್ರಸಾದ ತಿಂದು ಬಂದೆ.

ಕೊಳ್ಳುವ ವಿಷಯ ಬಂದರೆ ನಾನು ಹೋಗುವುದು ಲಾಲ್‌ಬಾಗಿನ ಮಗ್ಗುಲಿಗೆ, ಸಿದ್ದಾಪುರದ ನರ್ಸರಿಗಳ ಸಾಲಿಗೆ. ಅಲ್ಲಿ ಒಬ್ಬ ನರ್ಸರಿಯವನಿದ್ದಾನೆ, ಮಾರಬೇಕೆಂಬ ಆತುರವೇ ಇಲ್ಲದ ಮನುಷ್ಯ. ಮೊದಲ ಸಲ ಹೋದಾಗ ಕೇಳಿದ: 'ಅಮ್ಮಾ, ಬದುಕಿಸೋಕೆ ಕೇಳ್ತಿದೀರೋ, ಶೋಕೇಸಿಗೆ ಕೇಳ್ತಿದೀರೋ?'

'ಎರಡಕ್ಕೂ ಆಗೋದು ಯಾವ್ದೂ ಇಲ್ವೇನಪ್ಪಾ?'

'ಇಲ್ಲಮ್ಮ. ಶೋಕೇಸಿಗಾದ್ರೆ ಪ್ಲಾಸ್ಟಿಕ್‌ದು ತಗೊಂಡ್ಬಿಡಿ, ಧೂಳು ಒರೆಸಿದ್ರೆ ಸಾಕು.'

ಇಂಥವನಿಂದ ಕಲಿಯುವುದು ಬಹಳವಿದೆ. ಕೆಂಪು, ಹಳದಿ ಚೆಂಡು ಹೊತ್ತ ಕ್ಯಾಕ್ಟಸ್ ಒಂದನ್ನು ಎತ್ತಿಕೊಂಡಾಗ ಅವನು ಮೇಲಿನದನ್ನೂ ಕೆಳಗಿನದನ್ನೂ ಬೇರೆ ಬೇರೆ ಬೆರಳಿಟ್ಟು ತೋರಿಸಿದ. ಮೇಲಿನ ಬಣ್ಣದ ಚೆಂಡಿಗೆ ಹಸಿರೇ ಇಲ್ಲ, ಸ್ವಂತ ಅಡುಗೆ ಮಾಡಿಕೊಳ್ಳಲಾರದು. ಕೆಳಗಿನ ಮೂರು ಮೂಲೆಯ ಹಸಿರು ಕಾಂಡ ಡ್ರ್ಯಾಗನ್ ಹಣ್ಣಿನ ಬಳಗದ್ದು, ಅದರ ಮೇಲೆ ಇದನ್ನು ಕಸಿ ಕಟ್ಟಿರುತ್ತಾರೆ. 1940ರ ದಶಕದಲ್ಲಿ ಜಪಾನಿನಲ್ಲಿ ಹುಟ್ಟಿದ ಈ ವಿಚಿತ್ರ ಈಗ ಜಗತ್ತೆಲ್ಲ ಮಾರಾಟವಾಗುತ್ತದೆ. ಕೆಲವು ವರ್ಷ ಇದ್ದು, ಕೊನೆಗೆ ಕೆಳಗಿನವನು ಬೆಳೆದು ಮೇಲಿನದನ್ನು ತಳ್ಳಿಬಿಡುತ್ತಾನೆ. ಜೇಡ್ ಎಂದು ನಮ್ಮಲ್ಲಿ ಕೊಡುವ ಸಣ್ಣೆಲೆಯ ಗಿಡ ಬಹುತೇಕ ಜೇಡ್ ಅಲ್ಲ, ಪೋರ್ಚುಲಕೇರಿಯಾ; ದಕ್ಷಿಣ ಆಫ್ರಿಕಾದಲ್ಲಿ ಆನೆಗಳ ಮೇವು. ಆನೆ ತಿಂದು ಚೆಲ್ಲಿದ ಕೊಂಬೆಗಳೇ ಅಲ್ಲಿ ಬೇರುಬಿಟ್ಟು ಹೊಸ ಪೊದೆಯಾಗುತ್ತವಂತೆ. ಅದೃಷ್ಟಕ್ಕೆಂದು ಅದನ್ನು ಕ್ಯಾಷ್ ಕೌಂಟರಿನ ಪಕ್ಕ, ಟ್ಯೂಬ್‌ಲೈಟಿನ ಕೆಳಗೆ ಇಡುವವರು ಇದನ್ನು ತಿಳಿದಿರಬೇಕು: ಆನೆಯನ್ನು ತಡೆದುಕೊಂಡ ಗಿಡ ಕತ್ತಲೆಯನ್ನು ತಡೆದುಕೊಳ್ಳುವುದಿಲ್ಲ.

ಒಂದು ಮಾಲಿನಲ್ಲಿ ನೋಡಿದ್ದು ಮಾತ್ರ ಮರೆಯಲಾಗಿಲ್ಲ. ಕ್ಯಾಕ್ಟಸ್ಸಿನ ನೆತ್ತಿಗೆ ಒಣಹೂವನ್ನು ಬಿಸಿಗೋಂದಿನಿಂದ ಅಂಟಿಸಿದ್ದರು, ಹೂ ಬಿಟ್ಟ ಗಿಡವೆಂದು ಬೆಲೆ ಹೆಚ್ಚು. ಪಕ್ಕದಲ್ಲಿ ನೀಲಿ, ಗುಲಾಬಿ, ಬಂಗಾರದ ಬಣ್ಣ ಸಿಂಪಡಿಸಿದ ಎಕೆವೇರಿಯಾಗಳ ಸಾಲು. ಎಕೆವೇರಿಯಾದ ಹೆಸರು ಬಂದದ್ದೇ ಒಬ್ಬ ಚಿತ್ರಕಾರನಿಂದ. ಹದಿನೆಂಟನೇ ಶತಮಾನದ ಕೊನೆಗೆ ಸ್ಪೇನಿನ ತಂಡವೊಂದು ಮೆಕ್ಸಿಕೋದ ಸಸ್ಯಗಳನ್ನು ಶೋಧಿಸಲು ಹೊರಟಾಗ ಅದರಲ್ಲಿದ್ದ ಅತನಾಸಿಯೋ ಎಚೆವೆರ್ರಿಯಾ, ಕಂಡ ಗಿಡಗಳನ್ನು ಕಂಡಂತೆ ಬಣ್ಣದಲ್ಲಿ ಬರೆದ. ಅವನ ಕೆಲಸಕ್ಕೆ ಮೆಚ್ಚಿ ಸಸ್ಯಶಾಸ್ತ್ರಜ್ಞ ಡಿ ಕ್ಯಾಂಡೋಲ್ 1828ರಲ್ಲಿ ಈ ಕುಲಕ್ಕೆ ಅವನ ಹೆಸರಿಟ್ಟ. ಗಿಡ ನೋಡಿ ಬಣ್ಣ ಬರೆದವನ ಹೆಸರಿನ ಗಿಡಕ್ಕೆ ಬಣ್ಣ ಬಳಿದು ಉಸಿರುಗಟ್ಟಿಸುವುದು ನಮ್ಮ ಕಾಲದ ಕಲೆ. ಎಕೆವೇರಿಯಾದ ಎಲೆಯ ಮೇಲೆ ವಿಭೂತಿ ಹಚ್ಚಿದ ಹಾಗೆ ಬಿಳಿ ಪುಡಿಯ ಲೇಪ ತಾನಾಗೇ ಇರುತ್ತದೆ, ಅದು ಬಿಸಿಲಿಗೆ ಅದರ ಕೊಡೆ. ಬೆರಳು ತಾಗಿದರೆ ಗುರುತು ಬಿದ್ದು, ಆ ಎಲೆ ಇರುವ ತನಕ ಹೋಗುವುದಿಲ್ಲ.

ಇನ್ನೊಂದು ವ್ಯಾಪಾರ ಇದಕ್ಕಿಂತ ಕೆಟ್ಟದ್ದು. ಬೆಣಚುಕಲ್ಲಿನ ಹಾಗೇ ಕಾಣುವ ಲಿಥಾಪ್ಸ್, ಗುಂಡಿಯಷ್ಟೇ ಗಾತ್ರದ ಕೋನೋಫೈಟಮ್, ಇವೆಲ್ಲ ದಕ್ಷಿಣ ಆಫ್ರಿಕಾ, ನಮೀಬಿಯಾಗಳ ಒಣಭೂಮಿಯ ಗಿಡಗಳು. ಕೆಲವು ಪ್ರಭೇದಗಳ ನೆಲೆ ಒಂದೆರಡು ಗುಡ್ಡಗಳಿಗೇ ಸೀಮಿತ. ಇತ್ತೀಚಿನ ವರ್ಷಗಳಲ್ಲಿ ಆನ್‌ಲೈನ್ ಗಿರಾಕಿಗಳಿಗೆಂದು ಇವನ್ನು ಕಾಡಿನಿಂದ ಗೋಣಿಗಟ್ಟಲೆ ಕಿತ್ತು ಸಾಗಿಸಿ ಸಿಕ್ಕಿಬಿದ್ದವರ ಸುದ್ದಿ ಮೇಲಿಂದ ಮೇಲೆ ಬಂದಿದೆ. ಒಂದು ಲಿಥಾಪ್ಸ್ ಬೀಜದಿಂದ ಹೂಬಿಡುವ ಗಾತ್ರಕ್ಕೆ ಬರಲು ವರ್ಷಗಳೇ ಬೇಕು. ಯಾರಾದರೂ ವಯಸ್ಸಾದ, ಸುಕ್ಕುಗಟ್ಟಿದ, ಗಾಯದ ಗುರುತಿರುವ ಗಿಡವನ್ನು 'ರೇರ್ ಪೀಸ್' ಎಂದು ತೋರಿಸಿದರೆ ಕೈ ಹಿಂದೆ ಕಟ್ಟಿಕೊಳ್ಳಿ. ಬೀಜದಿಂದಲೋ ತುಂಡಿನಿಂದಲೋ ಬೆಳೆಸಿದವು ನಮ್ಮ ಆಸೆಗೆ ಬೇಕಾದಷ್ಟಿವೆ. ಕಾಲಿಂಪಾಂಗಿನ ನರ್ಸರಿಗಳು ಎಷ್ಟೋ ಕಾಲದಿಂದ ಅದನ್ನೇ ಮಾಡಿಕೊಂಡು ಬಂದಿವೆ.

ತಂದ ಗಿಡವನ್ನು ಮೊದಲು ಕುಂಡದಿಂದ ಹೊರಗೆಳೆಯಬೇಕು. ಹೊಸಬರಿಗೆ ಇದು ಕ್ರೌರ್ಯದಂತೆ ತೋರುತ್ತದೆ. ಆದರೆ ನರ್ಸರಿಯಲ್ಲಿ ತುಂಬಿರುವುದು ಬರೀ ತೆಂಗಿನ ನಾರಿನ ಪುಡಿ. ಒದ್ದೆಯಾದರೆ ವಾರವಾದರೂ ಆರದು, ಪೂರ್ತಿ ಒಣಗಿದರೆ ನೀರನ್ನೇ ಹೀರದೆ ಪಕ್ಕದಿಂದ ಇಳಿಸಿಬಿಡುತ್ತದೆ. ಅದನ್ನು ಬೆರಳಲ್ಲಿ ಉದುರಿಸುತ್ತ ಹೋದರೆ ನಡುವೆ ಹೆಬ್ಬೆರಳ ಗಾತ್ರದ ಒಂದು ಪ್ಲಾಸ್ಟಿಕ್ ಜಾಲರಿ ಸಿಗುತ್ತದೆ. ಸಸಿ ಎಬ್ಬಿಸುವಾಗ ಹಾಕಿದ್ದು, ತೆಗೆಯಲು ಯಾರಿಗೂ ಪುರುಸೊತ್ತಿರಲಿಲ್ಲ. ಒಂದಷ್ಟು ಬೇರು ಅದರ ಕಣ್ಣುಗಳಿಂದ ಹೊರಬಂದಿರುತ್ತದೆ, ಉಳಿದದ್ದು ಒಳಗೇ ಸುತ್ತಿಕೊಂಡಿರುತ್ತದೆ. ಉಗುರು ಕತ್ತರಿಯಿಂದ ಜಾಲರಿಯನ್ನು ಮೇಲಿನಿಂದ ಕೆಳಕ್ಕೆ ಒಂದು ಕಡೆ ಸೀಳಿ, ಎರಡು ಬದಿಗೂ ಬಿಡಿಸಿ, ಮೆಲ್ಲಗೆ ಎಳೆದರೆ ಸಿಕ್ಕುಬಿದ್ದ ಬೇರುಗಳು ಒಂದೊಂದೇ ಕಳಚಿಕೊಂಡು ಬರುತ್ತವೆ. ಕಾಂಡ ಮತ್ತು ಎಲೆ ಕೂಡುವ ಸಂದಿಯಲ್ಲಿ ಹತ್ತಿಯ ಚೂರು ಅಂಟಿದಂತೆ ಬಿಳಿ ಕಂಡರೆ ಅದು ಹಿಟ್ಟು ತಿಗಣೆ. ಸ್ಪಿರಿಟ್ ಅದ್ದಿದ ಹತ್ತಿಕಡ್ಡಿಯಿಂದ ಒರೆಸಿ, ಆ ಗಿಡವನ್ನು ಕೆಲವು ದಿನ ಉಳಿದವುಗಳಿಂದ ದೂರವಿಡಬೇಕು.

ಮಣ್ಣಿನ ವಿಷಯದಲ್ಲಿ ಸಕ್ಯುಲೆಂಟ್ ಸಾಕುವವರ ನಡುವೆ ಇರುವಷ್ಟು ಭಿನ್ನಾಭಿಪ್ರಾಯ ನಮ್ಮಲ್ಲಿ ಸಾರಿನಪುಡಿಯ ವಿಷಯದಲ್ಲೂ ಇಲ್ಲ. ಪ್ಯೂಮಿಸ್, ಪರ್ಲೈಟ್ ಎಂದು ತರಿಸಿಕೊಳ್ಳುವವರು ತರಿಸಿಕೊಳ್ಳಲಿ. ನಾನು ಎಲ್ಲಾದರೂ ಹಳೆಯ ಗೋಡೆ ಒಡೆಯುತ್ತಿದ್ದರೆ ಅಲ್ಲಿಂದ ಇಟ್ಟಿಗೆ ಚೂರು ತಂದು, ಕುಟ್ಟಿ, ಕಡಲೆಬೇಳೆ ಗಾತ್ರದ್ದನ್ನು ಜರಡಿಯಲ್ಲಿ ಉಳಿಸಿಕೊಂಡು, ಪುಡಿಯನ್ನು ಎಸೆಯುತ್ತೇನೆ. ಅದು ಅರ್ಧದಷ್ಟು, ಉಳಿದರ್ಧ ದಪ್ಪ ಮರಳು, ಕೆಮ್ಮಣ್ಣು, ಚೆನ್ನಾಗಿ ಕಳಿತ ಸ್ವಲ್ಪ ಗೊಬ್ಬರ. ನೀರು ಹಾಕಿದರೆ ಹಾಕಿದಷ್ಟೇ ಬೇಗ ಕೆಳಗಿನ ತೂತಿನಿಂದ ಹೊರಬರಬೇಕು. ಬಾರದಿದ್ದರೆ ಇಟ್ಟಿಗೆ ಸಾಲದು. ಕುಂಡ ಮಣ್ಣಿನದೇ ಒಳ್ಳೆಯದು. ತೂತಿಲ್ಲದ ಪಿಂಗಾಣಿ ಬಟ್ಟಲಿನ ಮೇಲೆ ಆಸೆ ಹೆಚ್ಚಿದ್ದರೆ ಅದನ್ನು ತಲೆಕೆಳಗು ಮಾಡಿ ಒದ್ದೆ ಬಟ್ಟೆಯ ಮೇಲಿಟ್ಟು, ಟೈಲ್ಸ್ ಕೊರೆಯುವ ಬಿಟ್ ಹಾಕಿದ ಡ್ರಿಲ್ಲಿನಿಂದ, ಹನಿಹನಿ ನೀರು ಬಿಡುತ್ತ ತೂತು ಮಾಡಿಸಬಹುದು.

ನೀರು ಯಾವಾಗ ಎನ್ನುವುದಕ್ಕೆ ಉರಿದು ಉಳಿದ ಊದುಬತ್ತಿಯ ಕಡ್ಡಿ ಸಾಕು. ತಳದವರೆಗೆ ಚುಚ್ಚಿ, ಸ್ವಲ್ಪ ಹೊತ್ತು ಬಿಟ್ಟು ಎಳೆಯಿರಿ. ತುದಿ ಒದ್ದೆಯಿದ್ದರೆ ಕುಂಡವನ್ನು ಮರೆತುಬಿಡಿ. ಒಣಗಿ ಬಂದು, ಕೆಳಗಿನ ಎಲೆ ಹಿಡಿದರೆ ತುಸು ಸಡಿಲವೆನಿಸಿದರೆ ಧಾರಾಳವಾಗಿ, ಕೆಳಗಿನಿಂದ ಹರಿದುಹೋಗುವ ತನಕ ಹಾಕಿ. ದಿನಕ್ಕೊಂದು ಚಮಚ ಹಾಕುವ ಜಿಪುಣತನ ಬೇಡ, ಅದರಿಂದ ಮೇಲ್ಮಣ್ಣು ಮಾತ್ರ ನೆನೆಯುತ್ತದೆ. ಬೆಳಕು ಮಾತ್ರ ಎಷ್ಟು ಕೊಟ್ಟರೂ ಕಡಿಮೆ. ಹಾಲಿನ ನಡುವಿನ ಟೀಪಾಯಿಯ ಮೇಲಿಟ್ಟ ಎಕೆವೇರಿಯಾ ಬಿಸಿಲನ್ನು ಹುಡುಕಿಕೊಂಡು ಕತ್ತು ಉದ್ದ ಮಾಡುತ್ತದೆ. ಒಂದಕ್ಕೊಂದು ಅಂಟಿಕೊಂಡಿದ್ದ ಎಲೆಗಳ ನಡುವೆ ಕಾಂಡ ಕಾಣುವಂತಾಗುತ್ತದೆ. ನೋಡಿದವರು 'ಎಷ್ಟು ಚೆನ್ನಾಗಿ ಬೆಳೀತಿದೆ!' ಎನ್ನುತ್ತಾರೆ. ಅದು ಬೆಳೆಯುತ್ತಿಲ್ಲ, ಹಪಹಪಿಸುತ್ತಿದೆ. ನನ್ನ ಪ್ರಕಾರ ಸಕ್ಯುಲೆಂಟ್ ಮನೆಯೊಳಗಿನ ಗಿಡವೇ ಅಲ್ಲ. ಹಾವರ್ಥಿಯಾ, ಸ್ನೇಕ್ ಪ್ಲಾಂಟ್ ಬಿಟ್ಟರೆ ಉಳಿದವಕ್ಕೆ ಟೆರೇಸು, ಬಾಲ್ಕನಿಯ ಕಂಬಿ, ಕಿಟಕಿಯ ಹೊರಗಿನ ಸಜ್ಜೆ.

ಊರನ್ನೂ ನೋಡಬೇಕು. ಸಮುದ್ರಮಟ್ಟದಿಂದ 900 ಮೀಟರಿಗಿಂತ ಎತ್ತರದಲ್ಲಿರುವ ಬೆಂಗಳೂರಿನಲ್ಲಿ ರಾತ್ರಿಗಳು ತಣ್ಣಗಿರುವುದರಿಂದ ಬೆಟ್ಟದ ಎಕೆವೇರಿಯಾಗೆ ಇಲ್ಲಿ ಅಷ್ಟೇನೂ ಕಷ್ಟವಿಲ್ಲ. ಸೆಪ್ಟೆಂಬರಿನ ಮಳೆಯಿಂದ ಕಾಪಾಡಲು ಮೇಲೊಂದು ಪಾರದರ್ಶಕ ಶೀಟು ಕಟ್ಟಿದರಾಯಿತು. ಬಳ್ಳಾರಿಯಲ್ಲಿರುವ ನನ್ನ ತಂಗಿಯ ಟೆರೇಸಿನಲ್ಲಿ ಅವೇ ಗಿಡಗಳು ಏಪ್ರಿಲ್ ದಾಟುವುದಿಲ್ಲ. ಅವಳು ಅಡೀನಿಯಂ ಬೆಳೆಸುತ್ತಾಳೆ. ಬುಡ ಊದಿಸಿಕೊಂಡು, ಮೇ ತಿಂಗಳ ಉರಿಯಲ್ಲಿ ಮೈತುಂಬ ಹೂ ಬಿಟ್ಟು ನಿಂತ ಅವನ್ನು ನೋಡಿದರೆ ಬಿಸಿಲೆಂದರೆ ಶಾಪವೆನ್ನುವವರ ಬಾಯಿ ಕಟ್ಟುತ್ತದೆ. ತೀರ್ಥಹಳ್ಳಿ ಕಡೆಯ ನಮ್ಮ ಅತ್ತಿಗೆಯ ಕಥೆ ಮೂರನೆಯದು. ಬೆಂಗಳೂರಿಗೆ ವರ್ಷಕ್ಕೆ ಸರಾಸರಿ 1000 ಮಿಲಿಮೀಟರಿನ ಆಸುಪಾಸು ಮಳೆಯಾದರೆ, ಅವರ ಪಕ್ಕದ ಆಗುಂಬೆಯಲ್ಲಿ ಅದು 7000 ದಾಟುತ್ತದೆ. ಮಳೆ ತಾಗದಂತೆ ಜಗಲಿಯಲ್ಲಿಟ್ಟರೂ ಜುಲೈನ ಗಾಳಿಯ ತೇವಕ್ಕೇ ಗಿಡ ಕೊಳೆಯುತ್ತದೆ. ಆಸೆಯಿಂದ ಒಂದು ತಟ್ಟೆ ಒಯ್ಯಿರಿ ಎಂದೆ. 'ನಂಗೆಂತಕ್ಕೆ ಮಾರಾಯ್ತಿ? ಹಲಸಿನ ಮರದ ಮೇಲೆ ಸೀತಾಳೆ ದಂಡೆ ತಾನಾಗೇ ಹೂ ಬಿಡ್ತದೆ, ಅದನ್ನ ನೋಡ್ಲಿಕ್ಕೇ ಪುರುಸೊತ್ತಿಲ್ಲ' ಎಂದರು. ಸರಿಯಾದ ಮಾತು. ಆ ನೆಲದ ಅಲಂಕಾರ ಅದು.

ಇಷ್ಟೆಲ್ಲ ರಗಳೆಯ ನಡುವೆಯೂ ಈ ಗಿಡಗಳ ಚಟ ಹತ್ತುವುದು ಒಂದು ಕಾರಣಕ್ಕೆ. ಒಂದು ಎಲೆಯಿಂದ ಇಡೀ ಗಿಡ ಬರುತ್ತದೆ. ಎಕೆವೇರಿಯಾದ ಕೆಳಗಿನ ಒಂದು ಎಲೆಯನ್ನು ಹಿಡಿದು ಎಡಕ್ಕೂ ಬಲಕ್ಕೂ ಅಲುಗಿಸಿದರೆ ಟಕ್ ಎಂದು ಬುಡಸಮೇತ ಬರಬೇಕು. ಬುಡ ಹರಿದು ಬಂದರೆ ಅದರಿಂದ ಏನೂ ಆಗದು. ಅದನ್ನು ನೆರಳಲ್ಲಿ, ಒಂದು ತಟ್ಟೆಯಲ್ಲಿ, ಬರಿದೇ ಇಡಬೇಕು. ನೀರು ಬೇಡ. ಗಾಯ ಒಣಗಿ ತೆಳ್ಳಗೆ ಚರ್ಮ ಕಟ್ಟುತ್ತದೆ. ಒಂದು ದಿನ ಆ ತುದಿಯಲ್ಲಿ ಗುಲಾಬಿ ಬಣ್ಣದ, ಕೂದಲಿನಷ್ಟು ಸಣ್ಣ ಬೇರುಗಳು ಗಾಳಿಯಲ್ಲೇ ಚಾಚಿಕೊಂಡು ನೆಲವನ್ನು ಹುಡುಕುತ್ತಿರುತ್ತವೆ. ಅವುಗಳ ಮಗ್ಗುಲಲ್ಲಿ ಸಾಸಿವೆಯಷ್ಟು ದೊಡ್ಡ ಹಸಿರು ಚುಕ್ಕಿ. ಭೂತಕನ್ನಡಿ ಹಿಡಿದರೆ ಅದು ಚುಕ್ಕಿಯಲ್ಲ, ಐದಾರು ಎಲೆಗಳನ್ನು ಆಗಲೇ ಸುತ್ತಲೂ ಜೋಡಿಸಿಕೊಂಡ ಪೂರ್ತಿ ಗಿಡ. ಮರಿ ದಪ್ಪವಾದಂತೆ ತಾಯಿ ಎಲೆ ಸುಕ್ಕಾಗುತ್ತ, ಕಡೆಗೆ ಕಾಗದದಷ್ಟು ತೆಳ್ಳಗೆ ಒಣಗಿ ತಾನೇ ಬಿಟ್ಟುಕೊಳ್ಳುತ್ತದೆ. ಅದನ್ನು ಮೊದಲೇ ಕೀಳಬಾರದು; ಮರಿಗೆ ಅಷ್ಟು ದಿನವೂ ನೀರು, ಅನ್ನ ಎಲ್ಲ ಅದರಿಂದಲೇ. ನಮ್ಮವರಿಗೂ ಇದನ್ನು ಭೂತಕನ್ನಡಿಯಲ್ಲಿ ತೋರಿಸಿದೆ. ಅಂದಿನಿಂದ ಬಾಟಲಿಯ ನೀರು ಕರಿಬೇವಿನ ಗಿಡಕ್ಕೆ ಹೋಗುತ್ತಿದೆ.

ಹೀಗೆ ಸುಲಭವಾಗಿ ಹುಟ್ಟುವುದರಲ್ಲಿ ಅಪಾಯವೂ ಇದೆ. ಎಲೆಯ ಅಂಚಿನಲ್ಲಿ ಸಾಲಾಗಿ ಮರಿ ಕಟ್ಟಿಕೊಂಡು ಉದುರಿಸುವ ಕಲಂಕೋ ಒಂದು ಮನೆಗೆ ಬಂದರೆ ಮರುವರ್ಷ ಗುಲಾಬಿ ಕುಂಡದಲ್ಲೂ ಅದೇ, ನೆಲದ ಬಿರುಕಿನಲ್ಲೂ ಅದೇ. ದೊಡ್ಡ ಪ್ರಮಾಣದಲ್ಲಿ ಇದು ನಮ್ಮ ನಾಡಿನಲ್ಲೇ ಆಗಿಹೋಗಿದೆ. ಪಾಪಾಸುಕಳ್ಳಿ ಅಮೆರಿಕ ಖಂಡದ್ದು. ಸೈನಿಕರ ಕೆಂಪು ಅಂಗಿಯ ಬಣ್ಣಕ್ಕೆ ಬೇಕಾದ ಕಾಚಿನೀಲ್ ಕೀಟವನ್ನು ಅದರ ಮೇಲೆ ಸಾಕುವ ಆಸೆಯಿಂದ ಕಂಪನಿಯವರು 1795ರಲ್ಲಿ ಕೀಟ ತರಿಸಿದರು. ಬಂದದ್ದು ಬೇಕಾದ ಜಾತಿಯ ಕೀಟವಲ್ಲ, ಬಣ್ಣದ ವ್ಯಾಪಾರ ಕೈಗೂಡಲಿಲ್ಲ. ಬೇಲಿಗೆಂದು ನೆಟ್ಟ ಕಳ್ಳಿ ಮಾತ್ರ ಹೊಲಗಳಿಗೆ ನುಗ್ಗಿತು. ಕೊನೆಗೆ 1926ರಲ್ಲಿ ಶ್ರೀಲಂಕಾದಿಂದ ಇನ್ನೊಂದು ಜಾತಿಯ ಕೀಟ ತಂದು ಬಿಟ್ಟ ಮೇಲೆ ದಕ್ಷಿಣದಲ್ಲಿ ಅದರ ಹಾವಳಿ ತಗ್ಗಿತು. ಆದ್ದರಿಂದ ಹೆಚ್ಚಾದ ಮರಿಗಳನ್ನು ಕೆರೆದಂಡೆಗೋ ಖಾಲಿ ಸೈಟಿಗೋ ಎಸೆಯಬೇಡಿ. ಬೇಕಾದವರಿಗೆ ಕೊಡಿ.

ಹೊಸದಾಗಿ ಶುರುಮಾಡುವವರು ದೀಪಾವಳಿ ಕಳೆಯುವ ತನಕ ಕಾಯಿರಿ. ಮಳೆ ಹಿಂದೆ ಸರಿದು, ಬಿಸಿಲು ಇನ್ನೂ ಹದವಾಗಿರುವ ನವೆಂಬರಿನಿಂದ ಫೆಬ್ರವರಿವರೆಗೆ ಎಲೆಗಳು ಚೆನ್ನಾಗಿ ಬೇರು ಹಿಡಿಯುತ್ತವೆ. ಮೊದಲ ಗಿಡಕ್ಕೆ ದುಡ್ಡು ಕೊಡಬೇಡಿ. ನಿಮ್ಮ ಬೀದಿಯಲ್ಲೇ ಯಾರದ್ದಾದರೂ ಟೆರೇಸಿನಲ್ಲಿ ತಟ್ಟೆಗಟ್ಟಲೆ ಎಲೆ ಒಣಗುತ್ತಿರುತ್ತದೆ. ಬಾಗಿಲು ತಟ್ಟಿ ಎರಡು ಎಲೆ ಕೇಳಿ. ಇಲ್ಲವೆಂದವರನ್ನು ನಾನಿನ್ನೂ ನೋಡಿಲ್ಲ.